ಕಾನು, ಸೊಪ್ಪಿನ ಬೆಟ್ಟ, ಬಾಣೆ: ಮಲೆನಾಡಿನ ಪರಿಸರ, ರಾಜಕಾರಣ, ಸಾಹಿತ್ಯವನ್ನು ಒಂದೇ ಅಧ್ಯಯನಕ್ಕೆ ತರುವ ಬಗೆ

ಹೊಳೆಸಾಲು:
ವಿಶ್ವವಿದ್ಯಾಲಯವೊಂದರ ಪರಿಸರ ವಿಜ್ಞಾನ, ರಾಜ್ಯಶಾಸ್ತ್ರ, ಕನ್ನಡ ವಿಭಾಗಗಳು ಸೇರಿ ಮೂರು ವರ್ಷದ ಯೋಜನೆಯೊಂದರ ಕರಡು ಸಿದ್ಧಪಡಿಸುತ್ತಿವೆ. ವಿಷಯ ಇಷ್ಟು: ಊರಿನವರು ತಲೆತಲಾಂತರದಿಂದ ಬಳಸುತ್ತ ಬಂದ, ಆದರೆ ಕಾಗದದಲ್ಲಿ ಪೂರ್ತಿ ಅವರದಾಗದ ಕಾಡು. ಸೊರಬದ ಕಾನು (ಊರಿನವರು ಕಾಯ್ದುಕೊಂಡ ನಿತ್ಯಹರಿದ್ವರ್ಣ ಕಾಡು), ಶಿರಸಿ–ಸಿದ್ದಾಪುರ–ಸಾಗರದ ಸೊಪ್ಪಿನ ಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು), ಕೊಡಗಿನ ಬಾಣೆ (ಗದ್ದೆಗೆ ಹೊಂದಿಕೊಂಡ ಕಾಡು), ಈ ಮೂರನ್ನು 1860ರಿಂದ ಈಚೆಗೆ ನೋಡಬೇಕೆಂದಿದೆ. ಕಾಡಿನ ಸ್ಥಿತಿ, ಭೂಹಕ್ಕಿನ ಹೋರಾಟ, ಆ ನೆಲದಿಂದ ಹುಟ್ಟಿದ ಬರಹ ಮತ್ತು ಹಾಡು ಮೂರೂ ಬರಬೇಕು. ದಾಖಲೆ ಎಲ್ಲಿ ಹುಡುಕಬೇಕು, ಕ್ಷೇತ್ರಕಾರ್ಯ ಎಲ್ಲಿ ಎಡವುತ್ತದೆ, ಮೂರೂ ಬಗೆಯ ಮಾಹಿತಿಯನ್ನು ಹೇಗೆ ಜೋಡಿಸಬೇಕು? ತಿಳಿದವರು ವಿವರವಾಗಿ ಹೇಳಿ.

ಕಡತದಕಟ್ಟು:
ಮೊದಲು ನಕ್ಷೆಯ ಮೇಲೆ ಹಳೆಯ ಗಡಿಗಳನ್ನು ಎಳೆದುಕೊಳ್ಳಿ. 1956ರ ಮುಂಚೆ ಈ ಘಟ್ಟ ಒಂದೇ ಆಡಳಿತದಲ್ಲಿ ಇರಲಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ಮೈಸೂರು ಸಂಸ್ಥಾನದವು. ದಕ್ಷಿಣ ಕನ್ನಡ ಮದ್ರಾಸಿನದು. ಉತ್ತರ ಕನ್ನಡ 1862ರವರೆಗೆ ಮದ್ರಾಸಿನಲ್ಲಿದ್ದು ಆಮೇಲೆ ಬಾಂಬೆಗೆ ಹೋಯಿತು. ಕೊಡಗು 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿ ಬೇರೆಯೇ ಪ್ರಾಂತ್ಯವಾಗಿತ್ತು. ಹಾಗಾಗಿ ಶಿರಸಿಯ ಒಂದು ಬೆಟ್ಟದ ಕಡತಕ್ಕೆ ಮುಂಬೈ ಪತ್ರಾಗಾರಕ್ಕೂ, ಅದರ 1862ಕ್ಕಿಂತ ಹಿಂದಿನ ಕಥೆಗೆ ಚೆನ್ನೈನ ಎಗ್ಮೋರ್ ಪತ್ರಾಗಾರಕ್ಕೂ ಹೋಗಬೇಕು. ಪಕ್ಕದ ಸಾಗರದ ಕಡತಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ. ಬೆಂಗಳೂರಿನಲ್ಲಿ ಹುಡುಕಿ ಸಿಗಲಿಲ್ಲವೆಂದು "ಈ ಭಾಗಕ್ಕೆ ದಾಖಲೆಯೇ ಇಲ್ಲ" ಎಂದು ಬರೆದರೆ ಪ್ರಬಂಧ ಅಲ್ಲಿಗೇ ಕುಸಿಯುತ್ತದೆ.

ಹುಡುಕುವಾಗ ಹೆಸರಿನ ಕಾಗುಣಿತವೂ ಕಾಡುತ್ತದೆ. ಇಂಗ್ಲಿಷ್ ಸೂಚಿಗಳಲ್ಲಿ ಮದ್ರಾಸಿನವರು ಕೆನರಾವನ್ನು 'ಸಿ' ಅಕ್ಷರದಲ್ಲಿಟ್ಟರೆ ಬಾಂಬೆಯವರು 'ಕೆ'ಯಲ್ಲಿಟ್ಟಿದ್ದಾರೆ. ಚಿಕ್ಕಮಗಳೂರು ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆ. ಅರಣ್ಯದ ವಿಷಯ ಅರಣ್ಯ ಶೀರ್ಷಿಕೆಯಲ್ಲಷ್ಟೇ ಇರುವುದಿಲ್ಲ, ಕಂದಾಯ ಮತ್ತು ನ್ಯಾಯಾಂಗದ ಸಂಪುಟಗಳಲ್ಲೂ ಅಡಗಿರುತ್ತದೆ. ಬೆಟ್ಟದ ಸೌಲಭ್ಯ ಯಾರಿಗೆ ಎಂಬ ಜಗಳ ಹೆಚ್ಚಾಗಿ ಕಂದಾಯದಲ್ಲೇ ಸಿಗುತ್ತದೆ.

ಸೊರಬಕ್ಕೆ ಶುರುವಿನ ಗುರುತು ಸಿದ್ಧವಿದೆ. ಅಲ್ಲಿನ ಕಾನುಗಳ ಮೇಲೆ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಜಂಟಿ ವರದಿ ಕೊಟ್ಟಿದ್ದಾರೆ. ಅದನ್ನು ಓದುವಾಗ ಅವರು ಯಾವುದನ್ನು ಕಾನು ಎಂದು ಎಣಿಸಿದರು, ಯಾವುದನ್ನು ಬಿಟ್ಟರು ಎಂಬುದರ ಮೇಲೆ ಕಣ್ಣಿಡಿ. ಕಾಳುಮೆಣಸು ಬೆಳೆಯುವ, ಊರಿನವರು ಕಾಯ್ದುಕೊಂಡ ನಿತ್ಯಹರಿದ್ವರ್ಣ ಕಾಡು ಅದು. ಇವತ್ತಿನ "ಮೀಸಲು ಅರಣ್ಯ"ದ ಪಟ್ಟಿಗೆ ನೇರವಾಗಿ ಹೋಲಿಸುವಂತಿಲ್ಲ.

ಬೆಟ್ಟಭೂಮಿ:
ಕಡತದಕಟ್ಟು ಅವರ ಮಾತಿಗೆ ಒಂದು ಸೇರ್ಪಡೆ. ಆಡಳಿತದ ಗಡಿಯಂತೆ ಹಕ್ಕಿನ ಬಗೆಯೂ ಊರಿಂದೂರಿಗೆ ಬದಲಾಗುತ್ತದೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡು ಬೆಟ್ಟ ಬಿಟ್ಟುಕೊಟ್ಟರು, ಎಕರೆ ತೋಟಕ್ಕೆ ಗರಿಷ್ಠ 9 ಎಕರೆವರೆಗೆ. ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರಬಹುದು, ನೆಲ ಮಾತ್ರ ಸರ್ಕಾರದ್ದು. ಕೊಡಗಿನ ಬಾಣೆ ಗದ್ದೆಗೆ ಹೊಂದಿಕೊಂಡದ್ದು. ದಕ್ಷಿಣ ಕನ್ನಡದ ಕುಮ್ಕಿ (ಸಾಗುವಳಿ ನೆಲದ ಪಕ್ಕದ ಸರ್ಕಾರಿ ಜಾಗ ಬಳಸುವ ಸೌಲಭ್ಯ) ಇನ್ನೊಂದು ಬಗೆ, ಅದನ್ನು ಈ ಯೋಜನೆಗೆ ಸೇರಿಸಬೇಡಿ, ಅದಕ್ಕೇ ಒಂದು ಪ್ರಬಂಧ ಬೇಕು.

ಈಗ ಪರಿಸರದ ಭಾಗ. ಹೊಸಬರು ಮೊದಲು ಮಾಡುವ ಕೆಲಸ ಭಾರತೀಯ ಅರಣ್ಯ ಸರ್ವೇಕ್ಷಣೆಯ ಜಿಲ್ಲಾವಾರು ಅಂಕಿ ತೆಗೆದು "ಕಾಡು ಇಷ್ಟು ಹೆಚ್ಚಿದೆ" ಎನ್ನುವುದು. ಆ ಅಂಕಿಯಲ್ಲಿ ಅರಣ್ಯ ಹೊದಿಕೆ ಎಂದರೆ 1 ಹೆಕ್ಟೇರ್‌ಗೆ ಕಡಿಮೆಯಿಲ್ಲದ, ಶೇ. 10ಕ್ಕಿಂತ ಹೆಚ್ಚು ಮರದ ನೆರಳಿರುವ ಯಾವುದೇ ನೆಲ, ಅದು ಯಾರದ್ದೇ ಆಗಿರಲಿ, ಯಾವ ಮರವೇ ಇರಲಿ. ನೆರಳುಮರದಡಿಯ ಕಾಫಿ ತೋಟ, ಅಡಿಕೆ ತೋಟ, ಅಕೇಶಿಯಾ ನೆಡುತೋಪು ಎಲ್ಲವೂ ಅದರೊಳಗೆ ಬರಬಲ್ಲವು. ಬಾಣೆಯ ಕಾಡು ಕಡಿದು ಕಾಫಿ ಹಾಕಿದರೂ ಉಪಗ್ರಹದ ಲೆಕ್ಕದಲ್ಲಿ ಏನೂ ಆಗದಂತೆ ಕಾಣಬಹುದು. ನಿಮ್ಮ ಪ್ರಶ್ನೆಯೇ ಬಾಣೆ ಏನಾಯಿತು ಎಂಬುದಾಗಿರುವಾಗ ಈ ಅಂಕಿ ಕೆಲಸಕ್ಕೆ ಬಾರದು. ಗ್ರಾಮ ನಕ್ಷೆ, ಸರ್ವೆ ನಂಬರು, ನೆಲದ ಮೇಲಿನ ಅಳತೆ, ಈ ಮೂರೇ ದಾರಿ.

ಅಳತೆ ಹೀಗಿರಲಿ. 20×20 ಮೀಟರಿನ ಚೌಕ ಹಾಕಿ, 1.3 ಮೀಟರ್ ಎತ್ತರದಲ್ಲಿ ಸುತ್ತಳತೆ 30 ಸೆಂ.ಮೀ. ಅಥವಾ ಹೆಚ್ಚಿರುವ ಪ್ರತಿ ಮರವನ್ನೂ ಬರೆಯಿರಿ. ಬುಡದಲ್ಲಿ ಚಾಚುಬೇರು ಇದ್ದರೆ ಅದು ಮುಗಿದ ಮೇಲಿನ ಜಾಗದಲ್ಲಿ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರೆಂದು ನಮೂದಿಸಿ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ತಾಗಿಸಿ 20 ಮೀಟರ್ ಹಿಡಿದರೆ ಚೌಕ ಕಿರಿದಾಗುತ್ತದೆ. 30 ಡಿಗ್ರಿ ಇಳಿಜಾರಿಗೆ ನೆಲದ ಮೇಲೆ 23.1 ಮೀಟರ್ ಬಿಟ್ಟರೆ ಮಾತ್ರ ಅಡ್ಡಡ್ಡ ದೂರ 20 ಮೀಟರ್ ಬರುತ್ತದೆ. ಇದನ್ನು ಸರಿಪಡಿಸದೆ ಹೆಕ್ಟೇರಿಗೆ ಇಷ್ಟು ಮರ ಎಂದರೆ ಕಡಿದಾದ ಕಡೆಯೆಲ್ಲ ಲೆಕ್ಕ ಕಡಿಮೆ ಬರುತ್ತದೆ, ಆಮೇಲೆ "ಇಳಿಜಾರಿನಲ್ಲಿ ಕಾಡು ತೆಳು" ಎಂಬ ಸುಳ್ಳು ತೀರ್ಮಾನ ಹುಟ್ಟುತ್ತದೆ.

ಬೆಟ್ಟಕ್ಕೇ ವಿಶೇಷವಾದ ತೊಂದರೆ ಇನ್ನೊಂದಿದೆ. ಅಲ್ಲಿನ ಮರಗಳ ಸೊಪ್ಪನ್ನು ಮತ್ತೆ ಮತ್ತೆ ಕಡಿದಿರುತ್ತಾರೆ. ಕಾಂಡ ದಪ್ಪ, ತಲೆ ಸಣ್ಣದು. ಸುತ್ತಳತೆಯಿಂದ ಮರದ ತೂಕ ಊಹಿಸಲು ಕಡಿಯದ ಕಾಡಿನ ಮರಗಳಿಂದ ಕಟ್ಟಿದ ಸೂತ್ರವನ್ನು ಇವಕ್ಕೆ ಹಚ್ಚಿದರೆ ಇಂಗಾಲದ ಲೆಕ್ಕ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಪ್ರತಿ ಮರಕ್ಕೂ ಸೊಪ್ಪು ಕಡಿದ ಗುರುತಿದೆಯೇ, ಎಷ್ಟು ಎತ್ತರದವರೆಗೆ ಎಂಬ ಎರಡು ಅಂಕಣ ಇಡಿ. ಸೊಪ್ಪು ಯಾವ ತಿಂಗಳು ಕಡಿಯುತ್ತಾರೆ, ದರಕು ಯಾವಾಗ ಗುಡಿಸುತ್ತಾರೆ ಎಂದು ಊರೂರಿಗೆ ಕೇಳಿ ಬರೆದುಕೊಳ್ಳಿ. ಮೋಡವಿಲ್ಲದ ಉಪಗ್ರಹ ಚಿತ್ರ ಸಿಗುವುದು ಹೆಚ್ಚಾಗಿ ಡಿಸೆಂಬರ್–ಫೆಬ್ರುವರಿಯಲ್ಲಿ. ಆ ಹೊತ್ತಿಗೆ ಸೊಪ್ಪಿಳಿಸಿದ ಬೆಟ್ಟ ಚಿತ್ರದಲ್ಲಿ ಹಾಳಾದ ಕಾಡಿನಂತೆಯೇ ಕಾಣುತ್ತದೆ.

ಮಳೆಮಾಪಕ:
ಮಳೆಯ ಬಗ್ಗೆ ಯಾರೂ ಹೇಳಿಲ್ಲ. ಕೊಡಗಿನಲ್ಲಿ 2018ರ ಆಗಸ್ಟಿನಂಥ ಭೂಕುಸಿತವನ್ನು ನಿಮ್ಮ ಯೋಜನೆ ಮುಟ್ಟಿಯೇ ಮುಟ್ಟುತ್ತದೆ, ಆಗ ತಾರೀಖಿನ ಗೊಂದಲ ಎದುರಾಗುತ್ತದೆ.

ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ. ಓದಿದ ದಿನದ ತಾರೀಖು ಅದಕ್ಕೆ ಬೀಳುತ್ತದೆ. 15ರ ರಾತ್ರಿ ಸುರಿದ ಮಳೆ 16ರ ಲೆಕ್ಕದಲ್ಲಿರುತ್ತದೆ. ಪತ್ರಿಕೆಯಲ್ಲಿ ಗುಡ್ಡ ಕುಸಿದದ್ದು 15ರ ರಾತ್ರಿ ಎಂದಿದ್ದು, ನೀವು 15ರ ಅಂಕಿಯನ್ನೇ ಎತ್ತಿಕೊಂಡರೆ ಕುಸಿತಕ್ಕೆ ಮಳೆ ಕಾರಣವಲ್ಲವೆಂದು ಕಾಣುತ್ತದೆ. ಈಚಿನ ವರ್ಷಗಳಿಗಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೂರಸಂವೇದಿ ಮಾಪಕಗಳು 15 ನಿಮಿಷಕ್ಕೊಂದು ಅಂಕಿ ಕೊಡುತ್ತವೆ, ಅದನ್ನೇ ಕೇಳಿ ಪಡೆಯಿರಿ.

ಕಾಫಿ ಎಸ್ಟೇಟುಗಳ ಹಳೆಯ ಮಳೆ ಪುಸ್ತಕಗಳು ಈ ಪ್ರದೇಶದ ದೊಡ್ಡ ಆಸ್ತಿ. ಆದರೆ ಅವು ಇಂಚು ಮತ್ತು ಸೆಂಟ್ಸ್‌ನಲ್ಲಿವೆ. 1 ಇಂಚು 25.4 ಮಿ.ಮೀ., ಸೆಂಟ್ ಅದರ ನೂರನೇ ಒಂದು ಭಾಗ. ಕೆಲವರು ಓದಿದ ದಿನದ ತಾರೀಖು ಹಾಕುತ್ತಾರೆ, ಕೆಲವರು ಹಿಂದಿನ ದಿನದ್ದು. ಕೇಳಿದರೆ ಈಗಿನವರಿಗೆ ಗೊತ್ತಿರುವುದಿಲ್ಲ, ಗೊತ್ತಾಗುವ ದಾರಿ ಒಂದಿದೆ. ಹತ್ತಿರದ ಸರ್ಕಾರಿ ಮಾಪಕದ ದೈನಿಕ ಅಂಕಿಯೊಂದಿಗೆ ಎಸ್ಟೇಟಿನ ಅಂಕಿಯನ್ನು ಅದೇ ದಿನಕ್ಕೆ, ಒಂದು ದಿನ ಹಿಂದಕ್ಕೆ, ಒಂದು ದಿನ ಮುಂದಕ್ಕೆ ಸರಿಸಿ ಹೊಂದಿಕೆ ನೋಡಿ. ಯಾವುದು ಗಟ್ಟಿಯಾಗಿ ಕೂರುತ್ತದೋ ಅದೇ ಆ ಪುಸ್ತಕದ ಪದ್ಧತಿ. ಬರೆಯುವವರು ಬದಲಾದಾಗ ಪದ್ಧತಿಯೂ ಬದಲಾಗಿರಬಹುದು, ಆದ್ದರಿಂದ ಹತ್ತು ಹತ್ತು ವರ್ಷಕ್ಕೆ ಬೇರೆ ಬೇರೆಯಾಗಿ ಪರೀಕ್ಷಿಸಿ.

ಮಾಪಕದ ಗಾತ್ರವನ್ನೂ ಗಮನಿಸಿ. 200 ಚದರ ಸೆಂ.ಮೀ. ಬಾಯಿಯ ಮಾಪಕದಲ್ಲಿ 4 ಲೀಟರ್ ಬಾಟಲಿ 200 ಮಿ.ಮೀ.ಗೆ ತುಂಬಿಬಿಡುತ್ತದೆ. ಆಗುಂಬೆ, ಹುಲಿಕಲ್‌ನಂಥ ಕಡೆ ಒಂದೇ ದಿನದಲ್ಲಿ ಅದನ್ನು ದಾಟುವುದುಂಟು. ಹಳೆಯ ದಾಖಲೆಯಲ್ಲಿ ಒಂದೇ ಗರಿಷ್ಠ ಅಂಕಿ ಹಲವು ಸಲ ಮರುಕಳಿಸಿದ್ದರೆ ಬಾಟಲಿ ತುಂಬಿ ಹರಿದಿದೆ ಎಂದು ಅನುಮಾನಿಸಿ. ಬಟ್ಟಲು ಮಗುಚುವ ಸ್ವಯಂಚಾಲಿತ ಮಾಪಕದಲ್ಲಿ ಮಳೆ ನಿಂತ ಮೇಲೂ ಗಂಟೆಗಟ್ಟಲೆ ಸಣ್ಣ ಮಳೆ ಒಂದೇ ಸಮ ಕಂಡರೆ ಅದು ಮಳೆಯಲ್ಲ, ಎಲೆ ಕಟ್ಟಿಕೊಂಡ ಆಲಿಕೆಯಿಂದ ನೀರು ಜಿನುಗುತ್ತಿದೆ.

ಓಲೆಗರಿ:
ಸಾಹಿತ್ಯದ ಭಾಗವನ್ನು ಕೊನೆಯ ಅಧ್ಯಾಯದ ಅಲಂಕಾರವಾಗಿಸಬೇಡಿ. ಈ ತಪ್ಪು ಇಂಥ ಯೋಜನೆಗಳಲ್ಲಿ ತೀರಾ ಸಾಮಾನ್ಯ. ಕಾದಂಬರಿಯಿಂದ ನಾಲ್ಕು ಕಾಡಿನ ವರ್ಣನೆ ಎತ್ತಿ ಅಧ್ಯಾಯದ ತಲೆಗೆ ಕಟ್ಟಿದರೆ ಸಂಶೋಧನೆ ಆಗುವುದಿಲ್ಲ.

ಕಡತದಿಂದ ಶುರುಮಾಡಿ. ಇಲ್ಲಿ ಕಡತವೆಂದರೆ ಕಚೇರಿಯ ಫೈಲಲ್ಲ. ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯನ್ನು ಮಡಚಿ ಮಾಡಿದ ಕಪ್ಪು ಪುಸ್ತಕ ಅದು, ಮೇಲಿನದು ಬಳಪದ ಬರಹ. ಮಲೆನಾಡಿನ ಮನೆ, ಮಠಗಳಲ್ಲಿ ಇನ್ನೂ ಇವೆ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಪರಿಚಿತ. ಗೇಣಿ, ಉಂಬಳಿ, ತೋಟದ ಲೆಕ್ಕ ಎಲ್ಲ ಅದರಲ್ಲಿ ಬರುತ್ತದೆ, ಅಂದರೆ ನಿಮ್ಮ ಮೂರೂ ವಿಭಾಗಕ್ಕೂ ಬೇಕಾದ ವಸ್ತು. ಧೂಳು ಕಂಡರೆ ಒರೆಸಬೇಡಿ. ಬಳಪ ಬಟ್ಟೆಯ ಮೇಲೆ ಕೂತಿದೆಯಷ್ಟೇ, ಒರೆಸಿದರೆ ಅಕ್ಷರ ಹೋಗುತ್ತದೆ. ಎಣ್ಣೆಯಂತೂ ಮುಟ್ಟಿಸಲೇಬೇಡಿ. ಮಡಿಕೆ ಬಿಡಿಸಿದ ಹಾಗೇ, ಒಂದೊಂದೇ ಪುಟವನ್ನು ಬದಿಯಿಂದ ಬೀಳುವ ಬೆಳಕಿನಲ್ಲಿ ಅಳತೆಪಟ್ಟಿಯೊಂದಿಗೆ ಚಿತ್ರ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಕಪ್ಪು ಮೇಲ್ಮೈ ಹೊಳೆದು ಅಕ್ಷರ ಮುಚ್ಚಿಹೋಗುತ್ತದೆ.

ತಾಳೆಗರಿಗೆ ನಿಯಮ ಬೇರೆ. ಅದರಲ್ಲಿ ಅಕ್ಷರ ಕೊರೆದಿರುತ್ತದೆ, ಮಸಿ ತುಂಬದಿದ್ದರೆ ಓದಲಾಗದು. ಹಾಗೆಂದು ಮನೆಯವರೆದುರೇ ಮಸಿ ಸವರಲು ಹೊರಡಬೇಡಿ, ಅದು ಸಂರಕ್ಷಣೆ ಬಲ್ಲವರ ಕೆಲಸ. ಬದಿಯ ಬೆಳಕಿನಲ್ಲಿ ಕೊರೆದ ಗೆರೆ ನೆರಳು ಕೊಡುತ್ತದೆ, ಮೊದಲ ಓದಿಗೆ ಎಷ್ಟೋ ಸಲ ಅಷ್ಟೇ ಸಾಕು. ಕಟ್ಟಿನಲ್ಲಿ ಗರಿಗಳು ಯಾವ ಅನುಕ್ರಮದಲ್ಲಿ ಸಿಕ್ಕವೋ ಅದೇ ಅನುಕ್ರಮದಲ್ಲಿ ಚಿತ್ರ ತೆಗೆದು, ಜೋಡಣೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಮಾಡಿ. ಪ್ರತಿ ಮಾಡುವಾಗ ಱ, ೞ ಅಕ್ಷರಗಳನ್ನು ರ, ಳ ಮಾಡಿಬಿಡಬೇಡಿ. ಎರಡೂ ಯೂನಿಕೋಡಿನಲ್ಲಿವೆ. ಪ್ರತಿಯ ಕಾಲ ಊಹಿಸಲು ಅವು ಬೇಕು.

ಕಾಲ ಗೊತ್ತುಮಾಡಲು: ಶಕವರ್ಷ ಗತವೋ (ಮುಗಿದದ್ದು) ವರ್ತಮಾನವೋ (ನಡೆಯುತ್ತಿರುವುದು) ಎಂಬುದರಲ್ಲೇ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಗತ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶೇಷ 1 ಬಂದರೆ ಪ್ರಭವ, 38 ಬಂದರೆ ಕ್ರೋಧಿ, ಸೊನ್ನೆ ಬಂದರೆ ಕೊನೆಯದಾದ ಅಕ್ಷಯ. ಬರಹದಲ್ಲಿರುವ ಸಂವತ್ಸರಕ್ಕೆ ಇದು ಹೊಂದದಿದ್ದರೆ ವರ್ತಮಾನ ಶಕವೆಂದು ಒಂದು ಕಳೆದು ನೋಡಿ. ಆಗಲೂ ಹೊಂದದಿದ್ದರೆ ಅಂಕಿ ತಪ್ಪಾಗಿ ಓದಿದ್ದೀರಿ, ಇಲ್ಲವೇ ಪ್ರತಿಕಾರ ತಪ್ಪಿದ್ದಾನೆ.

ಶಾಸನ ಉಲ್ಲೇಖಿಸುವಾಗ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ ಯಾವ ಆವೃತ್ತಿ ಎಂದು ಬರೆಯಲೇಬೇಕು. ಮಾಲೆಯನ್ನು ಮೊದಲು ತಂದ ಬಿ.ಎಲ್. ರೈಸ್ ಅವರ ಕಾಲದ್ದರಲ್ಲಿ 7 ಮತ್ತು 8ನೇ ಸಂಪುಟ ಶಿವಮೊಗ್ಗದವು, 6 ಕಡೂರಿನದು, 1 ಕೊಡಗಿನದು. ಮೈಸೂರು ವಿಶ್ವವಿದ್ಯಾಲಯ 1972ರಿಂದ ತಂದ ಪರಿಷ್ಕೃತ ಮಾಲೆಯಲ್ಲಿ ಸಂಖ್ಯೆಗಳು ಬೇರೆ.

ಬೆಟ್ಟಭೂಮಿ:
ಓಲೆಗರಿ ಅವರೇ, ಒಂದು ಭಿನ್ನಾಭಿಪ್ರಾಯ. ಮಲೆನಾಡಿನ ಕಾದಂಬರಿಗಳಲ್ಲಿ ಮರ, ಹಕ್ಕಿ, ಬೇಟೆ, ಗದ್ದೆಯ ಕೆಲಸದ ವಿವರ ಅಷ್ಟು ನಿಖರವಾಗಿದೆ. ಹಳೆಯ ಕಾಡಿನ ಸಸ್ಯಪಟ್ಟಿಗೆ ಅದನ್ನು ಯಾಕೆ ಬಳಸಬಾರದು? ಹತ್ತೊಂಬತ್ತನೇ ಶತಮಾನದ ಅಂತ್ಯಕ್ಕೆ ಊರ ಮಟ್ಟದ ಸಸ್ಯ ಸಮೀಕ್ಷೆ ಎಲ್ಲಿದೆ ಹೇಳಿ.

ಓಲೆಗರಿ:
ಬಳಸಬಹುದು. ಆದರೆ ಯಾವ ಕಾಲಕ್ಕೆ ಸಾಕ್ಷಿ ಎಂದು ಮೊದಲು ತೀರ್ಮಾನಿಸಿ. 'ಮಲೆಗಳಲ್ಲಿ ಮದುಮಗಳು' ಪ್ರಕಟವಾದದ್ದು 1967ರಲ್ಲಿ. ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಕುವೆಂಪು ಹುಟ್ಟಿದ್ದು 1904ರಲ್ಲಿ. ಅಂದರೆ ಅದರೊಳಗಿನ ಕಾಡು ಕಥೆಯ ಕಾಲದ್ದೋ, ತೀರ್ಥಹಳ್ಳಿ ಸೀಮೆಯಲ್ಲಿ ಅವರು ಬಾಲ್ಯದಲ್ಲಿ ಕಂಡದ್ದೋ, ಹಿರಿಯರಿಂದ ಕೇಳಿದ್ದೋ ಎಂಬ ಮೂರು ಪದರ ಇವೆ. ಒಂದು ಮರದ ಹೆಸರು ಅಲ್ಲಿ ಬಂದರೆ "ಈ ಸೀಮೆಯವರಿಗೆ ಆ ಮರ ಪರಿಚಿತವಾಗಿತ್ತು" ಎನ್ನಲು ಧೈರ್ಯವಿದೆ. "1893ರಲ್ಲಿ ಈ ಗುಡ್ಡದಲ್ಲಿ ಆ ಮರವಿತ್ತು" ಎನ್ನಲು ಇಲ್ಲ. ಇನ್ನು, ಬರದೇ ಇದ್ದುದು ಇರಲಿಲ್ಲ ಎಂದು ಯಾವತ್ತೂ ತೀರ್ಮಾನಿಸಬೇಡಿ.

ಹಾಡಿಗೂ ಇದೇ ಮಾತು. ಕೊಡವರ ಹಾಡು, ಪದ್ಧತಿಗಳನ್ನು ನಡಿಕೇರಿಯಂಡ ಚಿಣ್ಣಪ್ಪ ಸಂಗ್ರಹಿಸಿ 'ಪಟ್ಟೋಲೆ ಪಳಮೆ' ಎಂದು 1924ರಲ್ಲಿ ಪ್ರಕಟಿಸಿದರು. ಈಗ ಊರಲ್ಲಿ ಹಾಡುವವರು ಆ ಪುಸ್ತಕದಿಂದಲೇ ಕಲಿತಿರಬಹುದು. ಆಗ ಅದು ಪುಸ್ತಕಕ್ಕೆ ಪ್ರತ್ಯೇಕ ಸಾಕ್ಷಿಯಾಗುವುದಿಲ್ಲ. ಯಾರಿಂದ, ಹೇಗೆ ಕಲಿತಿರಿ ಎಂಬುದು ಧ್ವನಿಮುದ್ರಣದ ಮೊದಲ ಪ್ರಶ್ನೆಯಾಗಲಿ.

ಬೆಟ್ಟಭೂಮಿ:
ಒಪ್ಪಿದೆ. ಹಾಗಾದರೆ ಸಸ್ಯಪಟ್ಟಿಯಲ್ಲಿ "ಪರಿಚಿತ" ಮತ್ತು "ಸ್ಥಳದಲ್ಲಿ ದಾಖಲು" ಎಂದು ಎರಡು ಬೇರೆ ಅಂಕಣ ಇಡುವುದು ಸರಿ.

ಗೇಣಿಚೀಟಿ:
ರಾಜಕಾರಣದ ಭಾಗಕ್ಕೆ ಬರುತ್ತೇನೆ. ಸಾಗರ ತಾಲ್ಲೂಕನ್ನು ಆರಿಸಿದ್ದೀರಿ, ಆದ್ದರಿಂದ ಅಲ್ಲಿನ ಗೇಣಿದಾರರ ಹೋರಾಟವಾದ 1951ರ ಕಾಗೋಡು ಸತ್ಯಾಗ್ರಹ ತಪ್ಪಿಸುವಂತಿಲ್ಲ. ಅದನ್ನು ಭಾಷಣ, ಬಂಧನಗಳ ಕಥೆಯಾಗಿಯೇ ಬರೆಯುವುದು ವಾಡಿಕೆ. ಅಲ್ಲಿನ ಜಗಳದ ನಡುವೆ ಇದ್ದದ್ದು ಗೇಣಿ ಅಳೆಯುವ ಕೊಳಗದ ಗಾತ್ರ. ಹಾಗಾಗಿ ಅಳತೆಗಳ ಪಟ್ಟಿ ಈ ಯೋಜನೆಯಲ್ಲಿ ಅನುಬಂಧದ ವಿಷಯವಲ್ಲ, ರಾಜಕೀಯ ಇತಿಹಾಸದ ತಿರುಳು. ಕೊಳಗ, ಖಂಡುಗ, ಮುಡಿ ಯಾವುದನ್ನೂ ಪುಸ್ತಕದ ಒಂದೇ ಸೂತ್ರದಿಂದ ಕಿಲೋಗೆ ಇಳಿಸಬೇಡಿ. ಆ ಊರಿನ, ಆ ಒಡೆಯರ ಅಳತೆ ಎಷ್ಟು ಸೇರಿನದೆಂದು ಗೇಣಿ ಚೀಟಿ ಅಥವಾ ವ್ಯಾಜ್ಯದ ಹೇಳಿಕೆಯಿಂದ ತೆಗೆಯಿರಿ, ಸಿಗದಿದ್ದರೆ ಮೂಲದ ಅಳತೆಯಲ್ಲೇ ಬಿಡಿ. ನೆಲದ ಅಳತೆಯಲ್ಲಿ ಗೊಂದಲ ಕಡಿಮೆ: ಎಕರೆಗೆ 40 ಗುಂಟೆ ಅಥವಾ 100 ಸೆಂಟ್, ಹೆಕ್ಟೇರಿಗೆ 2.471 ಎಕರೆ. ಮಳೆಮಾಪಕ ಅವರು ಹೇಳಿದ ಸೆಂಟ್ಸ್ ಬೇರೆ, ಈ ಸೆಂಟ್ ಬೇರೆ. ಒಂದೇ ದತ್ತಾಂಶದ ಹಾಳೆಯಲ್ಲಿ ಎರಡೂ ಬರುವುದರಿಂದ ಅಂಕಣದ ಹೆಸರಲ್ಲೇ ಬಿಡಿಸಿ ಬರೆಯಿರಿ.

ಆಮೇಲೆ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಡಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಕೊನೆಯ ಗಡುವು 1979ರ ಜೂನ್ 30. ಭೂನ್ಯಾಯಮಂಡಳಿಯ ಈ ಕಡತಗಳಲ್ಲಿ ಗೇಣಿದಾರರ ಮತ್ತು ನೆರೆಯವರ ಹೇಳಿಕೆಗಳಿವೆ, ತೋಟದೊಂದಿಗೆ ಬೆಟ್ಟ ಯಾರಿಗೆ ಹೋಗಬೇಕೆಂಬ ವಾದಗಳಿವೆ. ಶಿರಸಿ, ಸಾಗರದ ಫಲಿತಾಂಶವನ್ನು ಕೊಡಗಿಗೆ ಹೋಲಿಸುವ ಮುಂಚೆ ನೆನಪಿಡಿ: ಕಾಫಿ, ಏಲಕ್ಕಿ, ಮೆಣಸು, ಚಹಾ, ರಬ್ಬರ್ ಪ್ಲಾಂಟೇಶನ್‌ಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇತ್ತು, ಅಡಿಕೆ ಆ ಪಟ್ಟಿಯಲ್ಲಿರಲಿಲ್ಲ. ಎರಡೂ ಕಡೆಯ ರಾಜಕಾರಣ ಬೇರೆ ದಾರಿ ಹಿಡಿದದ್ದಕ್ಕೆ ಇದು ದೊಡ್ಡ ಕಾರಣ.

ಪಹಣಿಯನ್ನು ಗಣಕೀಕೃತ ಪ್ರತಿಯಲ್ಲಷ್ಟೇ ನೋಡಿ ನಿಲ್ಲಿಸಬೇಡಿ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೈಬರಹದ ಪಹಣಿ, ಆಕಾರಬಂದು (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಸರ್ವೆಯ ಅಳತೆ ನಕ್ಷೆ) ಸಿಗುತ್ತವೆ. ಗಣಕೀಕರಣದಲ್ಲಿ ಬಿಟ್ಟುಹೋದ "ಬೆಟ್ಟ" ಎಂಬ ಷರಾ ಅಲ್ಲಿ ಉಳಿದಿರುತ್ತದೆ.

ಇನ್ನು ಪಶ್ಚಿಮ ಘಟ್ಟದ ರಕ್ಷಣೆ ಕುರಿತ ವರದಿಗಳು. ಗಾಡ್ಗೀಳ್ ಸಮಿತಿಯ 2011ರ ವರದಿ ಘಟ್ಟವನ್ನು ಸುಮಾರು 1,29,037 ಚದರ ಕಿ.ಮೀ. ಎಂದು ಹಿಡಿದು ಚೌಕಗಳಾಗಿ ಹಂಚಿ ಮೂರು ವಲಯ ಮಾಡಿತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ 1,64,280 ಚದರ ಕಿ.ಮೀ. ಹಿಡಿದು, ಅದರಲ್ಲಿ 59,940 ಪರಿಸರ ಸೂಕ್ಷ್ಮವೆಂದಿತು. ಅದರ ಘಟಕ ಗ್ರಾಮ: ಶೇ. 20 ಅಥವಾ ಹೆಚ್ಚು ಭಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮ ಪಟ್ಟಿಗೆ. ಎರಡರ ಶೇಕಡಾವಾರನ್ನು ಪಕ್ಕಪಕ್ಕ ಇಟ್ಟು "ಇಷ್ಟು ಕಡಿತವಾಯಿತು" ಎನ್ನುವ ಬರಹಗಳು ಛೇದವೇ ಬೇರೆ ಎಂಬುದನ್ನು ಮರೆತಿರುತ್ತವೆ. ಊರುಗಳಲ್ಲಿ ಎದ್ದ ವಿರೋಧಕ್ಕೂ ಈ ಗ್ರಾಮ ಘಟಕಕ್ಕೂ ನೇರ ಸಂಬಂಧವಿದೆ. ಸೂಕ್ಷ್ಮವಲ್ಲದ ಗದ್ದೆ, ಮನೆಗಳೂ ಗ್ರಾಮದ ಹೆಸರಿನೊಂದಿಗೆ ಪಟ್ಟಿ ಸೇರಿದವು. ಜನರ ಆತಂಕವನ್ನು ತಪ್ಪು ತಿಳಿವಳಿಕೆ ಎಂದು ತಳ್ಳಿಹಾಕುವ ಮುಂಚೆ ಸಂಶೋಧಕರು ಇದನ್ನು ನೋಡಬೇಕು.

ಹೊಳೆಸಾಲು:
ಎಲ್ಲರಿಗೂ ಧನ್ಯವಾದ. ಇಷ್ಟನ್ನೂ ಒಂದೇ ದತ್ತಾಂಶದಲ್ಲಿ ಕಟ್ಟುವುದು ಹೇಗೆ? ಗ್ರಾಮವನ್ನೇ ಕೊಂಡಿಯಾಗಿ ಇಟ್ಟುಕೊಂಡರೆ ಸಾಕೇ?

ಕಡತದಕಟ್ಟು:
ಗ್ರಾಮ ಮಾತ್ರ ಸಾಲದು, ಗ್ರಾಮಗಳೇ ಮುಳುಗಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ಅದಕ್ಕಿಂತ ಮುಂಚಿನ ಹಿರೇಭಾಸ್ಕರ ಅಣೆಕಟ್ಟೇ ಈಗ ಆ ಜಲಾಶಯದೊಳಗಿದೆ. 2011ರ ಜನಗಣತಿಯ ಗ್ರಾಮ ಸಂಖ್ಯೆಯನ್ನು ಕೊಂಡಿಯಾಗಿಸಿದರೆ ಆ ಊರುಗಳ ಹಾಡು, ಗೇಣಿ, ಬೆಟ್ಟ ಯಾವುದಕ್ಕೂ ನಿಮ್ಮ ದತ್ತಾಂಶದಲ್ಲಿ ಜಾಗವೇ ಇರುವುದಿಲ್ಲ.

ಹೀಗೆ ಮಾಡಿ. ಪ್ರತಿ ಸ್ಥಳಕ್ಕೂ ನಿಮ್ಮದೇ ಒಂದು ಸಂಖ್ಯೆ ಕೊಡಿ. ಅದಕ್ಕೆ ಹೆಸರುಗಳ ಹಾಳೆ ಬೇರೆ: ಹೆಸರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ದಾಖಲೆಯಲ್ಲಿ. ಪ್ರತಿ ಮಾಹಿತಿಗೂ ಎರಡು ಕಾಲ ಬರೆಯಿರಿ, ಅದು ಹೇಳುವ ಕಾಲ ಮತ್ತು ಅದನ್ನು ಬರೆದ ಕಾಲ. ಓಲೆಗರಿ ಅವರು ಕಾದಂಬರಿಗೆ ಹೇಳಿದ್ದು ಕಂದಾಯದ ವರದಿಗೂ ಹೊಂದುತ್ತದೆ. 1883ರಲ್ಲಿ ಅಚ್ಚಾದ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ಅದಕ್ಕಿಂತ ಎಷ್ಟೋ ಹಿಂದಿನ ಅಂಕಿಗಳಿವೆ.

ಮುಳುಗಿದ ಊರಿಗೆ 1964ಕ್ಕಿಂತ ಹಿಂದಿನ ಸರ್ವೆ ಆಫ್ ಇಂಡಿಯಾ ಹಾಳೆ ಬೇಕು. ಸಾಗರ 48 ಎನ್, ಶಿರಸಿ 48 ಜೆ, ತೀರ್ಥಹಳ್ಳಿ 48 ಒ, ಮಡಿಕೇರಿ 48 ಪಿ ಸರಣಿಯಲ್ಲಿವೆ. ಆ ಹಾಳೆಗಳು ಎವರೆಸ್ಟ್ ಮಾನದಂಡದವು, ಅಂದರೆ ಭೂಮಿಯ ಆಕಾರಕ್ಕೆ ಜಿಪಿಎಸ್‌ಗಿಂತ ಬೇರೆ ಹಳೆಯ ಲೆಕ್ಕ ಹಿಡಿದವು. ಜಿಪಿಎಸ್ ಬಿಂದುವನ್ನು ಪರಿವರ್ತಿಸದೆ ಹಚ್ಚಿದರೆ ನೂರರಿಂದ ಇನ್ನೂರು ಮೀಟರ್ ಸರಿದುಹೋಗುತ್ತದೆ, ಬೆಟ್ಟದಲ್ಲಿ ಹಾಕಿದ ಚೌಕ ಪಕ್ಕದವರ ತೋಟದಲ್ಲಿ ಕೂರುತ್ತದೆ.

ಗೇಣಿಚೀಟಿ:
ಅನುಮತಿಗಳ ವಿಷಯ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಚೌಕ ಹಾಕಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಮಳೆಗಾಲ ಮುಗಿದ ತಕ್ಷಣ ಕೆಲಸ ಶುರುವಾಗಬೇಕಾದರೆ ಬೇಸಿಗೆಯಲ್ಲೇ ಅರ್ಜಿ ಹೋಗಲಿ.

ಅದಕ್ಕಿಂತ ಭಾರವಾದದ್ದು ಊರಿನವರ ಒಪ್ಪಿಗೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇತರ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ನಿಯಮ 13 ಒಪ್ಪುವ ಸಾಕ್ಷ್ಯಗಳಲ್ಲಿ ಗೆಜೆಟಿಯರ್, ಜನಗಣತಿ, ನಕ್ಷೆ, ಹಿರಿಯರ ಲಿಖಿತ ಹೇಳಿಕೆಗಳ ಜೊತೆಗೆ ಹೆಸರಾಂತ ಸಂಸ್ಥೆಗಳ ಸಂಶೋಧನಾ ಅಧ್ಯಯನವೂ ಇದೆ. ನೀವು ಪತ್ರಾಗಾರದಿಂದ ತರುವ ಒಂದು ನಕ್ಷೆ, ಅಜ್ಜಿಯೊಬ್ಬರಿಂದ ಬರೆದುಕೊಂಡ ಒಂದು ಮಾತು ಒಂದು ಮನೆಯ ಅರ್ಜಿಗೆ ಆಧಾರವಾಗಬಹುದು. ತಪ್ಪು ತಾರೀಖು ಹಾಕಿದರೆ ಅದೇ ಮನೆಗೆ ಮುಳುವಾಗಬಹುದು. ಹಾಗಾಗಿ ಪ್ರತಿ ಊರಿನ ದಾಖಲೆಗಳ ನಕಲು, ಎಲ್ಲಿಂದ ತಂದಿರೆಂಬ ಕಡತ ಸಂಖ್ಯೆಯೊಂದಿಗೆ, ಆ ಊರಿನ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಕೊಡುವುದನ್ನು ಯೋಜನೆಯ ಕರಡಿನಲ್ಲೇ ಬರೆದು, ಮುದ್ರಣದ ಖರ್ಚನ್ನು ಬಜೆಟ್ಟಿಗೆ ಸೇರಿಸಿ. ಒತ್ತುವರಿಯ ವಿಷಯದಲ್ಲಿ ಯಾರಾದರೂ ನಂಬಿ ಹೇಳಿದ್ದರೆ ಸರ್ವೆ ನಂಬರನ್ನು ಪ್ರಕಟಿಸಬೇಡಿ, ತಾಲ್ಲೂಕಿನ ಹೆಸರು ಸಾಕು.

ಓಲೆಗರಿ:
ಧ್ವನಿಮುದ್ರಣಕ್ಕೂ ಹಾಗೇ. ಒಪ್ಪಿಗೆಯನ್ನು ಎರಡು ಸಲ ಕೇಳಿ, ಹಾಡುವ ಮುಂಚೆ ಒಮ್ಮೆ, ಕೇಳಿಸಿದ ಮೇಲೆ ಒಮ್ಮೆ. ದೀಪ ಹಿಡಿದು ಹಾಡುತ್ತ ಬರುವ ಅಂಟಿಗೆ-ಪಂಟಿಗೆಯಂಥದ್ದು ದೀಪಾವಳಿಯ ರಾತ್ರಿಗಳಲ್ಲಿ ಮಾತ್ರ ಮನೆಮನೆಗೆ ಬರುತ್ತದೆ, ಬೇರೆ ದಿನ ಕೂರಿಸಿ ಹಾಡಿಸಿದರೆ ಪಠ್ಯ ಸಿಗುತ್ತದೆ, ಮನೆಯವರ ಮಾರುತ್ತರ, ಹಾದಿಯ ಕ್ರಮ ಸಿಗುವುದಿಲ್ಲ. ಮೂರು ವರ್ಷದ ಯೋಜನೆಯಲ್ಲಿ ಮೂರೇ ದೀಪಾವಳಿ, ಮೊದಲನೆಯದಕ್ಕೇ ಯಂತ್ರ ಸಿದ್ಧವಿರಲಿ. 48 ಕಿಲೋಹರ್ಟ್ಸ್, 24 ಬಿಟ್, ಕುಗ್ಗಿಸದ ಕಡತರೂಪ. ತಗಡಿನ ಮಾಡಿನಡಿ ಮಳೆಯ ಸದ್ದು ಮಾತನ್ನು ನುಂಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಅಂಗಿಗೆ ಸಿಕ್ಕಿಸುವ ಮೈಕೇ ಸರಿ. ಯಂತ್ರದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗಲೆಲ್ಲ ಬಿಸಿಮಾಡಿ ಒಣಗಿಸಿ.